ಸಾರ್ವಜನಿಕ ಉದ್ಯಾನದಲ್ಲಿ ಡಿಸ್ಕ್ ಗಾಲ್ಫ್ ಅಂಕಣ: ಮೌಲ್ಯಮಾಪನದ ಅಂಶಗಳು

ಪೀಠಿಕೆ

ನಿಗದಿತ ಸ್ಥಳದಿಂದ ಪ್ಲಾಸ್ಟಿಕ್ ಡಿಸ್ಕ್ ಎಸೆದು, ಸರಪಳಿಗಳನ್ನು ಇಳಿಬಿಟ್ಟ ಲೋಹದ ಬುಟ್ಟಿಗೆ ಅದನ್ನು ಅತಿ ಕಡಿಮೆ ಎಸೆತಗಳಲ್ಲಿ ಸೇರಿಸುವ ಕ್ರೀಡೆಯೇ ಡಿಸ್ಕ್ ಗಾಲ್ಫ್. ಒಂದು ಅಂಕಣದಲ್ಲಿ ಸಾಮಾನ್ಯವಾಗಿ 9 ಅಥವಾ 18 ಗುರಿಗಳಿರುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪಸಡೀನಾ ಬಳಿಯ ಓಕ್ ಗ್ರೋವ್ ಉದ್ಯಾನದಲ್ಲಿ 1975ರಲ್ಲಿ ಎಡ್ ಹೆಡ್ರಿಕ್ ಅವರು ರೂಪಿಸಿದ ಅಂಕಣವನ್ನು ಈ ಕ್ರೀಡೆಯ ಮೊದಲ ಶಾಶ್ವತ ಅಂಕಣವೆಂದು ಪರಿಗಣಿಸಲಾಗಿದೆ. ಅಲ್ಲಿ ಮೊದಲಿಗೆ ಕಂಬಗಳೇ ಗುರಿಗಳಾಗಿದ್ದವು. ಡಿಸ್ಕನ್ನು ಹಿಡಿದಿಡುವ ಸರಪಳಿ ಬುಟ್ಟಿ ಅನಂತರ ಬಳಕೆಗೆ ಬಂದಿತು.

ಅಂದಿನಿಂದಲೂ ಈ ಕ್ರೀಡೆ ಬಹುಮಟ್ಟಿಗೆ ಬೇಲಿಯಿಲ್ಲದ ಸಾರ್ವಜನಿಕ ಉದ್ಯಾನಗಳಲ್ಲಿಯೇ ಬೆಳೆದಿದೆ. ಆದುದರಿಂದ ಅಂಕಣವನ್ನು ಆಟಗಾರರ ದೃಷ್ಟಿಯಿಂದ ಮಾತ್ರವಲ್ಲದೆ, ಆಟದ ಅರಿವಿಲ್ಲದೆ ಅದೇ ಉದ್ಯಾನದಲ್ಲಿ ನಡೆದಾಡುವವರ ದೃಷ್ಟಿಯಿಂದಲೂ ಪರಿಶೀಲಿಸುವುದು ಅವಶ್ಯಕ.

ಪರಿಶೀಲಿಸಬೇಕಾದ ಅಂಶಗಳು

1. ಸುರಕ್ಷತೆ: ಆಟದ ಡಿಸ್ಕ್‌ಗಳು ಸಾಮಾನ್ಯವಾಗಿ 150ರಿಂದ 180 ಗ್ರಾಂ ತೂಕವಿದ್ದು, ಅವುಗಳ ಅಂಚು ಗಡುಸಾಗಿರುತ್ತದೆ. ಬಲಗೈ ಆಟಗಾರರು ಹಿಂಗೈಯಿಂದ ಎಸೆದ ಡಿಸ್ಕ್ ವೇಗ ಕುಂದಿದಂತೆ ಎಡಕ್ಕೆ ಬಾಗುತ್ತದೆ. ಆದ್ದರಿಂದ ಎಸೆತದ ಹಾದಿಯ ಎಡಭಾಗದಲ್ಲಿ ಕಾಲುದಾರಿ, ಆಸನ ಅಥವಾ ಮಕ್ಕಳ ಆಟದ ಸ್ಥಳ ಇದೆಯೇ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಎಡಗೈ ಆಟಗಾರರ ಡಿಸ್ಕ್ ಬಲಕ್ಕೆ ಬಾಗುವುದರಿಂದ ಬಲಭಾಗವನ್ನೂ ಕಡೆಗಣಿಸುವಂತಿಲ್ಲ. ಎರಡು ಗುರಿಗಳ ಹಾದಿಗಳು ಪರಸ್ಪರ ಅಡ್ಡ ಹಾಯಬಾರದು.

2. ಎಸೆತದ ಕಟ್ಟೆ: ಸಮತಟ್ಟಾಗಿದ್ದು ಮಳೆಯಲ್ಲಿಯೂ ಕಾಲು ಜಾರದಂತಿರಬೇಕು. ಕಾಂಕ್ರೀಟ್ ಕಟ್ಟೆಯ ಸುತ್ತ ಮಣ್ಣು ಕೊಚ್ಚಿಹೋಗಿ ಅಂಚು ಎದ್ದುನಿಂತಿದ್ದರೆ ಆಟಗಾರರ ಪಾದ ಉಳುಕುವ ಸಂಭವವಿದೆ.

3. ಬುಟ್ಟಿ: ಕಂಬವು ನೇರವಾಗಿರಬೇಕು. ಸರಪಳಿಗಳು ತುಂಡಾಗಿರಬಾರದು, ಒಂದಕ್ಕೊಂದು ತೊಡರಿರಬಾರದು.

4. ಸೂಚನಾ ಫಲಕ: ಗುರಿಯ ಸಂಖ್ಯೆ, ದೂರ, ಹಾದಿಯ ನಕ್ಷೆ ಹಾಗೂ ಮುಂದಿನ ಕಟ್ಟೆಯ ದಿಕ್ಕನ್ನು ಹೊಸಬರಿಗೂ ಅರ್ಥವಾಗುವಂತೆ ತೋರಿಸಿರಬೇಕು.

5. ಮರ ಮತ್ತು ಮಣ್ಣು: ಸತತ ತುಳಿತದಿಂದ ಮಣ್ಣು ಗಟ್ಟಿಯಾದರೆ ಬೇರುಗಳಿಗೆ ನೀರು, ಗಾಳಿ ದೊರೆಯುವುದಿಲ್ಲ. ಬುಟ್ಟಿಯ ಸುತ್ತ ಮರದ ಚಕ್ಕೆಗಳನ್ನು ಹರಡುವುದು ಹಾಗೂ ಬುಟ್ಟಿಯ ಸ್ಥಾನವನ್ನು ಆಗಾಗ್ಗೆ ಬದಲಿಸುವುದು ಉತ್ತಮ ನಿರ್ವಹಣೆಯ ಲಕ್ಷಣಗಳು.

ಪರಿಶೀಲನಾ ವಿಧಾನ

ಅಂಕಣವನ್ನು ಒಮ್ಮೆ ಆಟದ ಕ್ರಮದಲ್ಲಿಯೂ, ಇನ್ನೊಮ್ಮೆ ಉದ್ಯಾನದ ಕಾಲುದಾರಿಗಳಲ್ಲಿಯೂ ನಡೆದು ನೋಡತಕ್ಕದ್ದು. ಜನಸಂದಣಿಯಿರುವ ರಜಾದಿನದಂದು ಒಮ್ಮೆ, ಮಳೆಯ ಮರುದಿನ ಒಮ್ಮೆ ಭೇಟಿ ನೀಡಿದಲ್ಲಿ ವಾಸ್ತವ ಸ್ಥಿತಿ ತಿಳಿಯುತ್ತದೆ.

ತೀರ್ಮಾನ

ಹುಲ್ಲು ಕತ್ತರಿಸಿ, ಬುಟ್ಟಿಗಳಿಗೆ ಬಣ್ಣ ಬಳಿದ ಮಾತ್ರಕ್ಕೆ ಅಂಕಣವು ಸುಸ್ಥಿತಿಯಲ್ಲಿದೆ ಎನ್ನಲಾಗದು. ಡಿಸ್ಕ್ ಬೀಳುವ ಜಾಗದಲ್ಲಿ ಕಾಲುದಾರಿಯಿದ್ದರೆ ಎಚ್ಚರಿಕೆಯ ಫಲಕವೊಂದೇ ಸಾಲದು. ಆ ಗುರಿಯನ್ನು ಸ್ಥಳಾಂತರಿಸುವುದೇ ಸೂಕ್ತ ಪರಿಹಾರ.