ಮಗುವೇ ಮುನ್ನಡೆಸುವ ಕಲಿಕೆ: ಅಂಗನವಾಡಿಯಲ್ಲಿ, ಮನೆಯಲ್ಲಿ

ಮೂರರಿಂದ ಆರು ವರ್ಷದೊಳಗಿನ ಮಗು ತನ್ನ ಕುತೂಹಲವನ್ನು ಅನುಸರಿಸಿ, ತಾನೇ ಆಯ್ದುಕೊಂಡ ಆಟ ಅಥವಾ ಕೆಲಸದ ಮೂಲಕ ಕಲಿಯುವ ಕ್ರಮವನ್ನು ಶಿಶುಕೇಂದ್ರಿತ ಕಲಿಕೆ ಎನ್ನುತ್ತೇವೆ. ಪರಿಸರವನ್ನು ಅಣಿಗೊಳಿಸುವುದು, ಮಗುವನ್ನು ಗಮನಿಸುವುದು, ಬೇಕಾದಾಗ ಒಂದು ಮಾತಿನಿಂದ ಅದರ ಯೋಚನೆಯನ್ನು ಮುಂದಕ್ಕೆ ಒಯ್ಯುವುದು ಹಿರಿಯರ ಹೊಣೆ, ಆಯ್ಕೆ ಮಗುವಿನದು. ಹೀಗೆ ಮುನ್ನಡೆಯಲು ಮಗುವಿಗೆ ಪ್ರಶ್ನೆ ಕೇಳುವಷ್ಟು ಭಾಷೆ ಬೇಕು. ಗಡಿನಾಡಿನ ಕನ್ನಡ ಕುಟುಂಬಗಳು ಈ ವಿಷಯವನ್ನು ವಿಶೇಷವಾಗಿ ಗಮನಿಸಬೇಕಾದುದು ಈ ಕಾರಣದಿಂದಲೇ.

ಬೆಳೆದು ಬಂದ ಬಗೆ

ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ 1837ರಲ್ಲಿ ಎಳೆಯರಿಗಾಗಿ ತೆರೆದ ಆಟದ ಶಾಲೆಗೆ 1840ರಲ್ಲಿ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಮರಿಯಾ ಮಾಂಟೆಸೊರಿ 1907ರಲ್ಲಿ ರೋಮ್ ನಗರದ ಬಡ ಬಡಾವಣೆ ಸಾನ್ ಲೊರೆಂಜೊದಲ್ಲಿ 'ಮಕ್ಕಳ ಮನೆ'ಯನ್ನು ಆರಂಭಿಸಿದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಭಾರತದ ಶಿಕ್ಷಕರಿಗೆ ತರಬೇತಿ ನೀಡಿದರು. ಅದಕ್ಕೂ ಮೊದಲೇ, ವಕೀಲಿ ಬಿಟ್ಟು ಶಿಕ್ಷಣಕ್ಕೆ ಬಂದ ಗಿಜುಭಾಯಿ ಬಧೇಕ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿ, ಮಾಂಟೆಸೊರಿಯವರ ಪದ್ಧತಿಗೆ ಗುಜರಾತಿ ಕಥೆ, ಹಾಡು, ಆಟಗಳನ್ನು ಬೆಸೆದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಅನುತಾಯಿ ವಾಘ್ ಅವರೊಡನೆ ಗ್ರಾಮೀಣ ಮಕ್ಕಳ ನಡುವೆ ಕೆಲಸ ಆರಂಭಿಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬ ಅವರ ಕಲ್ಪನೆ 'ಅಂಗನವಾಡಿ'ಯಾಯಿತು. 1975ರ ಅಕ್ಟೋಬರ್ 2ರಂದು 33 ಬ್ಲಾಕುಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಈ ಹೆಸರನ್ನು ದೇಶದ ಊರೂರಿಗೆ ಒಯ್ದಿತು.

ಆಟದೊಳಗಿನ ಪಾಠ

ಕಾಸರಗೋಡಿನ ಮನೆಗಳ ಚೆನ್ನೆಮಣೆಯನ್ನೇ ನೋಡೋಣ. 14 ಗುಳಿಗಳಿಗೆ ನಾಲ್ಕು ನಾಲ್ಕರಂತೆ ಕಾಯಿ ತುಂಬುವ ಮಗು ಎಣಿಸುತ್ತದೆ, ಗುಳಿಗೊಂದರಂತೆ ಹಂಚುತ್ತದೆ, ಸರದಿಗೆ ಕಾಯುತ್ತದೆ. "ಯಾರ ಬಳಿ ಹೆಚ್ಚಿದೆ? ನಿನಗೆ ಹೇಗೆ ತಿಳಿಯಿತು?" ಎಂದು ಅಜ್ಜಿ ಕೇಳಿದರೆ ಮಗು ಕಾರಣ ಹೇಳಲು ಕಲಿಯುತ್ತದೆ. ಉತ್ತರವನ್ನು ನಾವೇ ಹೇಳಿಬಿಟ್ಟರೆ ಆ ಅವಕಾಶ ತಪ್ಪುತ್ತದೆ. (ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಣ್ಣ ಕಾಯಿ, ಬೀಜಗಳನ್ನು ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.)

ಅಕ್ಕಲಕೋಟೆ, ಜತ್ತ ಕಡೆಯ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಮುದ್ದೆ ನಾದುವ ಮಗುವಿನ ಬೆರಳುಗಳು ಪೆನ್ಸಿಲ್ ಹಿಡಿಯುವ ಬಲ ಪಡೆಯುತ್ತವೆ. ತಾಳವಾಡಿಯ ಹೊಲದ ಬದುವಿನಲ್ಲಿ ಎಲೆಗಳನ್ನು ಆಕಾರದಂತೆ ವಿಂಗಡಿಸುವ ಮಗು ವಿಜ್ಞಾನದ ಮೊದಲ ಹೆಜ್ಜೆ ಇಡುತ್ತದೆ. ಬಟ್ಟೆ ಮಡಚುವುದು, ಗಿಡಕ್ಕೆ ನೀರು ಹಾಕುವುದು, ಊಟಕ್ಕೆ ಎಷ್ಟು ತಟ್ಟೆ ಬೇಕೆಂದು ಲೆಕ್ಕ ಹಾಕುವುದು, ಇವೆಲ್ಲವೂ ಪಾಠಗಳೇ. ಬೆರಳು ಬಲಿಯುವ ಮೊದಲೇ ಸಾಲು ಸಾಲಾಗಿ ಅಕ್ಷರ ತಿದ್ದಿಸುವುದರಿಂದ ಮಗುವಿಗೆ ಬರವಣಿಗೆ ಬೇಸರದ ಕೆಲಸವಾಗುತ್ತದೆ.

ಮನೆಮಾತಿನ ಪ್ರಶ್ನೆ

ತನಗೆ ತಿಳಿಯದ ಭಾಷೆ ನಡೆಯುವ ಕೋಣೆಯಲ್ಲಿ ಮಗು ಕೇಳುವುದನ್ನು ಬಿಟ್ಟು ಅನುಕರಿಸತೊಡಗುತ್ತದೆ. ಮೌನವಾಗಿ ಕುಳಿತ ಮಗುವನ್ನು 'ಶಿಸ್ತಿನ ಮಗು' ಎಂದು ಭಾವಿಸುವುದೂ ಉಂಟು. ನಮ್ಮ ಪ್ರದೇಶಗಳಲ್ಲಿ ಮನೆಮಾತು ಕನ್ನಡವೊಂದೇ ಆಗಿರಬೇಕೆಂದಿಲ್ಲ. ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಎಷ್ಟೋ ಮಕ್ಕಳ ಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಮರಾಟಿ. ಅವರ ಮನೆಮಾತನ್ನು ಗೌರವಿಸುತ್ತ ಕನ್ನಡಕ್ಕೆ ಕರೆತರುವುದೇ ಸರಿಯಾದ ದಾರಿ. ರಾಜ್ಯಭಾಷೆಯೂ ಇಂಗ್ಲಿಷೂ ಬೇಡವೆಂದು ನಾವು ಹೇಳುತ್ತಿಲ್ಲ. ಗಟ್ಟಿಯಾದ ಮೊದಲ ಭಾಷೆಯ ಮೇಲೆ ಅವು ಸುಲಭವಾಗಿ ನಿಲ್ಲುತ್ತವೆ.

ಕಾನೂನು ಎಲ್ಲಿ ನಿಲ್ಲುತ್ತದೆ

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಲು ರಾಜ್ಯಗಳಿಗೆ ಸೂಚಿಸುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಬಗ್ಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹಕ್ಕು ಆರರಿಂದ ಹದಿನಾಲ್ಕು ವರ್ಷದವರಿಗೆ ಸೇರಿದ್ದು. ಮೂರರಿಂದ ಆರರವರೆಗಿನ ಶಿಕ್ಷಣವನ್ನು ಅದರ 11ನೆಯ ಸೆಕ್ಷನ್ ಸರ್ಕಾರದ ವಿವೇಚನೆಗೆ ಬಿಟ್ಟಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷವನ್ನು ಬುನಾದಿ ಹಂತವೆಂದು ಕರೆದು, ಸಾಧ್ಯವಿದ್ದೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನ ಮಾಧ್ಯಮವನ್ನು ಬಯಸುತ್ತದೆ. ಅದು ನೀತಿಯೇ ಹೊರತು ಕಾಯ್ದೆಯಲ್ಲ. ಹೀಗಾಗಿ ಎಳೆಯ ವಯಸ್ಸಿನ ಭಾಷೆಯನ್ನು ಕಾಯುವ ಭಾರ ಹೆಚ್ಚಾಗಿ ಪೋಷಕರ ಮೇಲೆಯೇ ಬಿದ್ದಿದೆ.

ಪೋಷಕರು ವಿಚಾರಿಸಬೇಕಾದದ್ದು

1. ಅಂಗನವಾಡಿಯ ಕಥೆ, ಹಾಡು, ಮಾತುಕತೆ ಮಗುವಿಗೆ ತಿಳಿಯುವ ಭಾಷೆಯಲ್ಲಿದೆಯೇ?
2. ತಾನೇ ಆಯ್ದು ಆಡಲು ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ?
3. ಆಟದ ಸಾಮಗ್ರಿ ಮಕ್ಕಳ ಕೈಗೆ ಎಟಕುವಂತಿದೆಯೇ, ಬೀರುವಿನಲ್ಲಿದೆಯೇ?
4. ಅಜ್ಜ, ಅಜ್ಜಿಯರು ಬಂದು ಕನ್ನಡದಲ್ಲಿ ಕಥೆ ಹೇಳಬಹುದೇ?

ಭಾಷೆಯ ಕೊರತೆಯಿದ್ದರೆ ಹಲವು ಪೋಷಕರು ಒಟ್ಟಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. 350ಬಿ ವಿಧಿಯಡಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಅದರ ಪ್ರತಿ ಕಳುಹಿಸಬಹುದು.

ಕನ್ನಡ ಶಾಲೆಯ ಒಂದನೆಯ ತರಗತಿಗೆ ದಾಖಲಾತಿ ನಡೆಯುವುದು ಐದನೆಯ ಅಥವಾ ಆರನೆಯ ವಯಸ್ಸಿನಲ್ಲಿ. ಮಗು ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಲು ಕಲಿಯುತ್ತದೆ ಎಂಬುದು ಮೂರನೆಯ ವಯಸ್ಸಿನಿಂದಲೇ ತೀರ್ಮಾನವಾಗತೊಡಗುತ್ತದೆ. ಶಾಲೆ ಉಳಿಸುವ ನಮ್ಮ ಹೋರಾಟವೂ ಅಲ್ಲಿಂದಲೇ ಆರಂಭವಾಗಬೇಕು.