ತರಗತಿಯೂ ಕಾರ್ಖಾನೆಯೂ: ಸಿನ್‌ಸಿನಾಟಿಯ ಒಂದು ಪ್ರಯೋಗ

ಪದವಿ ವ್ಯಾಸಂಗದ ನಡುವೆ ವಿದ್ಯಾರ್ಥಿಯು ಕಡ್ಡಾಯವಾಗಿ ಉದ್ಯೋಗರಂಗದಲ್ಲಿ ದುಡಿಯಬೇಕೆಂಬ ನಿಯಮಕ್ಕೆ ಶತಮಾನಕ್ಕೂ ಮಿಕ್ಕ ಇತಿಹಾಸವುಂಟು. ಅಮೆರಿಕದ ಸಿನ್‌ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ 1906ರಲ್ಲಿ ಆರಂಭವಾದ ಸಹಕಾರ ಶಿಕ್ಷಣವು ಅದರ ಮುಖ್ಯ ಮೂಲಗಳಲ್ಲೊಂದು. ಇದರ ಪ್ರವರ್ತಕ ಹರ್ಮನ್ ಷ್ನೈಡರ್. ಎಂಜಿನಿಯರನಿಗೆ ಅವಶ್ಯವಾದ ತಿಳಿವಳಿಕೆಯೆಲ್ಲವೂ ತರಗತಿಯಲ್ಲಿಯೇ ದೊರೆಯಲಾರದೆಂಬುದು ಆತನ ಮತ. ಆಡಳಿತ ಮಂಡಲಿಯು ಒಂದು ವರ್ಷದ ಮಟ್ಟಿಗೆ, ಸೋತರೆ ಹೊಣೆ ತನ್ನದಲ್ಲವೆಂಬ ಮಾತಿನೊಡನೆ, ಅನುಮತಿಯಿತ್ತಿತು.

ಮೊದಲ ತಂಡದಲ್ಲಿದ್ದವರು 27 ವಿದ್ಯಾರ್ಥಿಗಳು. ಒಂದು ಪಂಗಡ ತರಗತಿಯಲ್ಲಿದ್ದ ವಾರ ಮತ್ತೊಂದು ಕಾರ್ಖಾನೆಯಲ್ಲಿ, ಮರುವಾರ ಅದಲುಬದಲು. ಹೀಗಾಗಿ ಯಂತ್ರದ ಮುಂದಿನ ಸ್ಥಾನವು ತೆರವಾಗುತ್ತಿರಲಿಲ್ಲ, ಮಾಲೀಕನಿಗೂ ಅಡಚಣೆಯಿರಲಿಲ್ಲ. ದುಡಿಮೆಗೆ ಕೂಲಿ ಸಲ್ಲುತ್ತಿತ್ತು. ದುಡಿಮೆಗೂ ಓದಿಗೂ ಸಾಕಷ್ಟು ಕಾಲ ದೊರೆಯಲೆಂದು ವ್ಯಾಸಂಗದ ಅವಧಿಯನ್ನು 6 ವರ್ಷಗಳಿಗೆ ವಿಸ್ತರಿಸಲಾಗಿತ್ತು. ಸಂಯೋಜಕರೆಂಬ ಅಧ್ಯಾಪಕರು ಕಾರ್ಖಾನೆಗಳಿಗೆ ಹೋಗಿ ವಿದ್ಯಾರ್ಥಿಗಳ ಕೆಲಸವನ್ನು ಕಂಡು, ಅಲ್ಲಿ ಎದ್ದ ಪ್ರಶ್ನೆಗಳನ್ನು ತರಗತಿಯಲ್ಲಿ ವಿವೇಚಿಸುತ್ತಿದ್ದರು. ಈ ಕೊನೆಯ ಏರ್ಪಾಡನ್ನೇ ನಾವು ಪದ್ಧತಿಯ ಜೀವಾಳವೆಂದು ಭಾವಿಸುತ್ತೇವೆ. ಇದಿಲ್ಲದಿದ್ದರೆ ಓದು ಮತ್ತು ದುಡಿಮೆ ಅಕ್ಕಪಕ್ಕದಲ್ಲಿರುತ್ತಿದ್ದುವೇ ಹೊರತು ಒಂದಕ್ಕೊಂದು ಬೆಸೆಯುತ್ತಿರಲಿಲ್ಲ.

ಭಾರತದಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಅನಂತರ ಇಂಟರ್ನ್‌ಷಿಪ್ ಎಂಬುದು ಕಲೆ, ವಿಜ್ಞಾನ, ವಾಣಿಜ್ಯ ಪದವಿಗಳಿಗೂ ವ್ಯಾಪಿಸುತ್ತಿದೆ. ಸಿನ್‌ಸಿನಾಟಿಯಲ್ಲಿ ಕಡ್ಡಾಯವು ವಿದ್ಯಾರ್ಥಿಯೊಬ್ಬನ ಮೇಲೆಯೇ ಬಿದ್ದಿರಲಿಲ್ಲ. ಕೂಲಿ ಕೊಡುವ ಭಾರ ಕಾರ್ಖಾನೆಯದು, ಕಂಡು ತಿದ್ದುವ ಭಾರ ಅಧ್ಯಾಪಕನದು, ಕಾಲವನ್ನು ಒದಗಿಸುವ ಭಾರ ವಿಶ್ವವಿದ್ಯಾನಿಲಯದ್ದು. ಈ ಮೂರೂ ಭಾರಗಳನ್ನು ಹೊರುವವರಿಲ್ಲದೆ ನಿಯಮವೊಂದನ್ನೇ ಎರವಲು ತಂದಲ್ಲಿ ವಿದ್ಯಾರ್ಥಿಯ ಕೈಯಲ್ಲಿ ಉಳಿಯುವುದು ಪ್ರಮಾಣಪತ್ರವೇ ಹೊರತು ಅನುಭವವಲ್ಲ.