ಲೇಆಫ್ ಮಾಡಿದರೆ ಬಿಲ್ ಯಾರಿಗೆ? ವಿಸ್ಕಾನ್ಸಿನ್‌ನ ಒಂದು ಹಳೇ ಲೆಕ್ಕ

ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಅಮೆರಿಕದ ಕಂಪನಿಗಳ ಪೇರೋಲ್ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ‘ಸೂಟಾ ರೇಟ್’ ಗೊತ್ತಿರುತ್ತೆ. ನಿರುದ್ಯೋಗ ವಿಮೆಗೆ ಮಾಲೀಕರು ರಾಜ್ಯಕ್ಕೆ ಕಟ್ಟುವ ತೆರಿಗೆಯ ದರ ಅದು. ಒಂದೇ ರಾಜ್ಯ, ಒಂದೇ ಥರದ ಕೆಲಸ. ಆದರೂ ಒಂದು ಕಂಪನಿಗೆ ಕಡಿಮೆ, ಪಕ್ಕದ ಕಂಪನಿಗೆ ಜಾಸ್ತಿ. ಯಾಕೆ? ಇದರ ಬೇರು ವಿಸ್ಕಾನ್ಸಿನ್ ರಾಜ್ಯದಲ್ಲಿದೆ.

ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಜಾನ್ ಆರ್. ಕಾಮನ್ಸ್ ಅನ್ನೋ ಅರ್ಥಶಾಸ್ತ್ರಜ್ಞರಿದ್ದರು. 1911ರಲ್ಲಿ ಆ ರಾಜ್ಯ ಕಾರ್ಮಿಕರ ಅಪಘಾತ ಪರಿಹಾರ ಕಾನೂನು ತಂದಿತ್ತು. ಅದರಿಂದ ಕಾಮನ್ಸ್ ಕಲಿತ ಪಾಠ ಸರಳ: ಕಾರ್ಮಿಕನ ಕೈ ಯಂತ್ರಕ್ಕೆ ಸಿಕ್ಕರೆ ದುಡ್ಡು ಮಾಲೀಕನ ಜೇಬಿನಿಂದ ಹೋಗುತ್ತೆ ಅಂದಾಗ, ಮಾಲೀಕನೇ ಮುಂದೆ ನಿಂತು ಸುರಕ್ಷತೆ ನೋಡ್ತಾನೆ. ಹಾಗಾದರೆ ಕೆಲಸದಿಂದ ತೆಗೆಯೋದಕ್ಕೂ ಬಿಲ್ ಕೊಟ್ಟರೆ?

1921ರಲ್ಲಿ ಇಂಥ ಮಸೂದೆ ಸದನಕ್ಕೆ ಬಂತು, ಪಾಸಾಗಲಿಲ್ಲ. ಕೊನೆಗೆ ಮಹಾ ಆರ್ಥಿಕ ಕುಸಿತದ ನಡುವೆ, 1932ರ ಜನವರಿಯಲ್ಲಿ ಕಾನೂನಾಯಿತು. ಅಮೆರಿಕದ ಮೊದಲ ನಿರುದ್ಯೋಗ ವಿಮೆ ಕಾನೂನು ಅದೇ. ಪ್ರತಿ ಮಾಲೀಕನಿಗೂ ಪ್ರತ್ಯೇಕ ಖಾತೆ. ಮೊದಲು ಸಂಬಳದ ಮೊತ್ತದ 2% ಕಟ್ಟಬೇಕು. ಖಾತೆ ತುಂಬುತ್ತಾ ಹೋದ ಹಾಗೆ ದರ ಇಳಿಯುತ್ತೆ, ಪೂರ್ತಿ ತುಂಬಿದರೆ ಕಟ್ಟೋದೇ ಬೇಡ.

ಓಹಾಯೋದಲ್ಲಿ ಐಸಾಕ್ ರುಬಿನೋ ಮುಂತಾದವರು ಇದನ್ನು ಒಪ್ಪಲಿಲ್ಲ. ಇಡೀ ದೇಶವೇ ಕುಸಿದಾಗ ಒಬ್ಬ ಮಾಲೀಕ ಏನು ಮಾಡಿಯಾನು? ಎಲ್ಲರ ದುಡ್ಡೂ ಒಂದೇ ನಿಧಿಗೆ ಬರಲಿ ಅನ್ನೋದು ಅವರ ವಾದ. 1935ರ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಎರಡಕ್ಕೂ ದಾರಿ ಬಿಟ್ಟಿತು. ಈಗ ನಿಧಿ ಸಾಮೂಹಿಕ, ದರ ಮಾತ್ರ ಆಯಾ ಮಾಲೀಕನ ಲೇಆಫ್ ಇತಿಹಾಸ ನೋಡಿಕೊಂಡು.

ಸರಿ, ಮಾಲೀಕರು ದರ ಇಳಿಸಿಕೊಳ್ಳೋದು ಹೇಗೆ? ಕಾಮನ್ಸ್ ಬಯಸಿದ ದಾರಿ: ಜನರನ್ನು ಉಳಿಸಿಕೊಳ್ಳೋದು, ಬೇಕಿದ್ದರೆ ಎಲ್ಲರ ಕೆಲಸದ ಗಂಟೆ ಕಡಿಮೆ ಮಾಡೋದು. 1978ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕಂತಲೇ ಯೋಜನೆ ತಂದು, ಕಡಿತವಾದ ಸಂಬಳದ ಒಂದಷ್ಟು ಪಾಲನ್ನು ವಿಮೆಯಿಂದ ಕೊಡಲು ಶುರುಮಾಡಿತು. ಎರಡನೇದು, ತಮ್ಮ ಖಾತೆಗೆ ತಪ್ಪಾಗಿ ಬಿದ್ದ ವೆಚ್ಚ ಹುಡುಕಿ ಸರಿಮಾಡಿಸೋದು. ಮೂರನೇದು, ಕೆಲವು ರಾಜ್ಯಗಳಲ್ಲಿ ಸ್ವಂತ ಇಚ್ಛೆಯಿಂದ ಹೆಚ್ಚುವರಿ ದುಡ್ಡು ಕಟ್ಟಿ ಕೆಳಗಿನ ದರಕ್ಕೆ ಇಳಿಯೋದು.

ನಾಲ್ಕನೇ ದಾರಿ ಇದೆಯಲ್ಲ, ಕಥೆ ತಿರುಗೋದು ಅಲ್ಲೇ. ಕೆಲಸ ಕಳೆದುಕೊಂಡವನು ಅರ್ಜಿ ಹಾಕಿದಾಗ ‘ಇವನೇ ಬಿಟ್ಟು ಹೋದ’, ‘ದುರ್ನಡತೆಗೆ ತೆಗೆದೆವು’ ಅಂತ ಆಕ್ಷೇಪಿಸೋದು. ನಿಜವಿದ್ದರೆ ಅದು ಮಾಲೀಕನ ಹಕ್ಕು. ಆದರೆ ಈ ಕೆಲಸವನ್ನೇ ಗುತ್ತಿಗೆ ಹಿಡಿಯುವ ಕಂಪನಿಗಳೂ ಹುಟ್ಟಿಕೊಂಡವು. ಇನ್ನು ಕೆಲವರು ನೌಕರರನ್ನು ಕಾಗದದ ಮೇಲೆ ಕಡಿಮೆ ದರದ ಬೇರೆ ಕಂಪನಿಗೆ ಸಾಗಿಸಿದರು. ಅದನ್ನು ತಡೆಯಲು 2004ರಲ್ಲಿ ಕೇಂದ್ರ ಸರ್ಕಾರ ಕಾನೂನು ಮಾಡಬೇಕಾಯಿತು.

ನನಗೆ ಕಾಣೋದು ಇಷ್ಟು: ಖಾತೆಗೆ ವೆಚ್ಚ ಬೀಳಲಿಲ್ಲ ಅನ್ನೋದಷ್ಟೇ ಆ ಸೂತ್ರಕ್ಕೆ ಗೊತ್ತು. ಕೆಲಸ ಉಳಿಸಿದ್ದಕ್ಕೋ, ಅರ್ಜಿ ಬೀಳಿಸಿದ್ದಕ್ಕೋ, ಅದಕ್ಕೆ ಗೊತ್ತಿಲ್ಲ. ಎರಡಕ್ಕೂ ಬಹುಮಾನ ಒಂದೇ.

ನಮ್ಮಲ್ಲಿ? ಇಎಸ್‌ಐಗೆ ಮಾಲೀಕರು ಕಟ್ಟೋದು 3.25%, ಎಷ್ಟು ಜನರನ್ನು ತೆಗೆದರೂ ಅಷ್ಟೇ. ಅದರಡಿ 2005ರಿಂದ ನಿರುದ್ಯೋಗ ಭತ್ಯೆ ಇದೆ, ಆದರೆ ತಿಂಗಳಿಗೆ 21,000 ರೂಪಾಯಿಯ ಸಂಬಳದ ಮಿತಿ ಇರೋದರಿಂದ ಐಟಿಯವರಲ್ಲಿ ಹೆಚ್ಚಿನವರು ಹೊರಗೆ. ಅಂದರೆ ನಮ್ಮ ಲೇಆಫಿನ ಬಿಲ್ ಯಾರ ಖಾತೆಗೂ ಹೋಗಲ್ಲ, ನಮ್ಮ ಮನೆಗೇ ಬರುತ್ತೆ. ಮುಂದೆ ಇಲ್ಲೂ ಇಂಥ ವಿಮೆ ಬೇಕು ಅಂತ ಕೇಳುವಾಗ, ದರ ಇಳಿಸೋ ಸೂತ್ರ ಏನನ್ನು ಎಣಿಸುತ್ತೆ ಅಂತ ಮೊದಲು ಕೇಳೋಣ.